ಜೇಬಿನ ಮೇಲಿನ ಕುದುರೆ

ಇವತ್ತು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದೆ. ಹಾಲು ಕಾಸಿದೆ. ಎರಡು ಸೇರು ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಹೀರೇಕಾಯಿ ಹೆರೆದು ಸಿಪ್ಪೆಯನ್ನು ಚಟ್ನಿಗೆಂದು ಎತ್ತಿಟ್ಟೆ. ಆಮೇಲೆ ಒಣಗಿದ ಬಟ್ಟೆ ಮಡಚಲು ಕೂತೆ. ಎದೆಯ ಮೇಲೆ ಏನೂ ಇಲ್ಲದ ಅಂಗಿ ಈಗ ನಮ್ಮ ಮನೆಯಲ್ಲಿ ಒಂದೂ ಇಲ್ಲ. ದೊಡ್ಡ ಮಗನದಕ್ಕೆ ಹಕ್ಕಿ, ಸಣ್ಣವನದಕ್ಕೆ ಓದಲು ಬಾರದ ಯಾವುದೋ ಇಂಗ್ಲಿಷ್ ಅಕ್ಷರ. ಯಜಮಾನರ ಅಂಗಿಗೂ ಸಿಮೆಂಟಿನ ಅಂಗಡಿಯವರು ಪುಕ್ಕಟೆ ಕೊಟ್ಟ ಆನೆ.

ಮಡಚುತ್ತ ನನಗೆ ನೆನಪಾದದ್ದು ಟೇಲರ್ ಮಾಸ್ತರರ ಗಡ್ಡ. ಅದರಲ್ಲಿ ಸದಾ ದಾರದ ತುಂಡುಗಳು ಸಿಕ್ಕಿಕೊಂಡಿರುತ್ತಿದ್ದವು. ಹಲ್ಲಿನಿಂದ ದಾರ ಕಡಿಯುವುದು ಅವರ ಅಭ್ಯಾಸ. ಕಡಿದದ್ದು ಅಲ್ಲೇ ಉಳಿಯುತ್ತಿತ್ತು. ಗಡ್ಡದಲ್ಲಿ ಖಾಕಿ ಕಂಡರೆ ಪೊಲೀಸರ ಬಟ್ಟೆ ನಡೆದಿದೆ, ನೀಲಿ ಕಂಡರೆ ಶಾಲೆ ಶುರುವಾಗಲಿದೆ, ಕೆಂಪು ಕಂಡರೆ ಯಾರದೋ ಮನೆಯಲ್ಲಿ ಲಗ್ನ ಗೊತ್ತಾಗಿದೆ ಎಂದು ಲೆಕ್ಕ. ಒಮ್ಮೆ ನಮ್ಮವ್ವ ಆ ಕೆಂಪು ದಾರ ನೋಡಿಯೇ ಓಣಿಯ ಹುಡುಗಿಯೊಬ್ಬಳ ಲಗ್ನವನ್ನು ಅವಳ ಮನೆಯವರಿಗಿಂತ ಮೊದಲೇ ಊರಿಗೆ ಸಾರಿ ಬೈಸಿಕೊಂಡಿದ್ದಳು.

ಮಾನ್ವಿಯ ಬಜಾರದಲ್ಲಿ ಅವರ ಅಂಗಡಿ. ಹಿಂದೆಯೇ ಅವರ ಮನೆ, ಅದರ ಗೋಡೆಗೆ ಅಂಟಿಕೊಂಡು ನಮ್ಮದು. ನಮ್ಮಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ. ನಾನು ಹತ್ತನೆಯದು ಮುಗಿಸಿ ಮನೆಯಲ್ಲಿ ಕೂತು ಬೇಸತ್ತಿದ್ದಾಗ, ಗುಂಡಿ ತೂರುವ ಕಾಜಾ ಮಾಡುವುದನ್ನೂ ಗುಂಡಿ ಹಚ್ಚುವುದನ್ನೂ ಕಲಿಸಿ ಕೈಗೆ ಕೆಲಸ ಕೊಟ್ಟವರು ಈ ಮಾಸ್ತರರು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು.

ಅವರು ಯಾರ ಮುಖವನ್ನೂ ಸರಿಯಾಗಿ ನೋಡಿದವರಲ್ಲ. ಹೆಗಲು ನೋಡಿ ಮನುಷ್ಯರನ್ನು ಗುರುತಿಸುವರು. ತಹಸೀಲ್ದಾರರು ಎದುರಿಗೇ ಬಂದು ನಿಂತರೂ ಗುರುತು ಸಿಗದೆ, ಅವರು ಬೇಸರಪಟ್ಟು ತಿರುಗಿ ಹೊರಟ ಮೇಲೆ ಬೆನ್ನು ನೋಡಿ, ಅಯ್ಯೋ ಸಾಹೇಬರು ಎಂದು ಹಿಂದೆ ಓಡಿದ್ದರಂತೆ. ತಾವು ಹೊಲಿದ ಪ್ರತಿ ಅಂಗಿಯ ಕಾಲರಿನ ಒಳಗೆ ಒಂದು ಬಿಳಿ ಪಟ್ಟಿ ಹಚ್ಚುತ್ತಿದ್ದರು. ಅದರಲ್ಲಿ ಅಂಗಡಿಯ ಹೆಸರು, ಕೆಳಗೆ ‘ಮಾನ್ವಿ’. ಕುತ್ತಿಗೆಯ ಒಳಗಿನ ಹೆಸರನ್ನು ಯಾರು ನೋಡುತ್ತಾರೆ ಎಂದು ನಾನೊಮ್ಮೆ ಕೇಳಿದ್ದೆ.

“ನೋಡಾಕಲ್ಲವ್ವಾ. ಹೊಲಿಗಿ ಬಿಚ್ಚಿದ್ರ ಯಾರ ಮನಿಗಿ ಬಂದು ಬೈಬೇಕು ಅಂತ ಗೊತ್ತಿರಬೇಕಲ್ಲ,” ಎಂದಿದ್ದರು.

ಅವರಿಗೆ ಒಬ್ಬನೇ ಮಗ. ಅವನು ಹುಟ್ಟಿದಾಗಿನಿಂದ ಪ್ರತಿ ರಂಜಾನ್ ಹಬ್ಬಕ್ಕೂ ಅವನ ಅಂಗಿ ಇವರದೇ ಕೈಯಿಂದ. ಮಗನ ಬಲ ಹೆಗಲು ಎಡಕ್ಕಿಂತ ಅರ್ಧ ಬೆರಳು ಕೆಳಗಿತ್ತು. ನೋಡಿದವರಿಗೆ ತಿಳಿಯುತ್ತಿರಲಿಲ್ಲ, ತಿಳಿಯದಂತೆ ಹೊಲಿದವರು ಇವರು. ಅವನು ರಾಯಚೂರಿಗೆ ಕಾಲೇಜಿಗೆ ಹೋದ. ಮೊದಲ ವರ್ಷದ ಹಬ್ಬಕ್ಕೆ ರೆಡಿಮೇಡ್ ಅಂಗಿ ತೊಟ್ಟುಕೊಂಡು ಬಂದ. ಬಲಗಡೆ ಸುಕ್ಕು, ಎಡಗಡೆ ಬಿಗಿತ. ಆದರೆ ಜೇಬಿನ ಮೇಲೆ ಯಾವುದೋ ಕಂಪನಿಯ ಗುರುತು. ಅಪ್ಪ ಹೊಲಿದಿಟ್ಟ ಹೊಸ ಅಂಗಿ ಟ್ರಂಕಿನಲ್ಲೇ ಉಳಿಯಿತು. ಯಾಕೆಂದು ಕೇಳಿದರೆ, ಅದರ ಮೇಲೆ ಏನೂ ಇಲ್ಲ, ಗೆಳೆಯರು ನಗುತ್ತಾರೆ ಎಂದನಂತೆ.

“ಅಂಗಿ ಮ್ಯಾಲೆ ಏನಿರಬೇಕಲೇ? ಒಳಗ ಮನುಷ್ಯಾ ಇದ್ರ ಸಾಕು,” ಎಂದರು ಮಾಸ್ತರರು.

ಮಾತಿಗೆ ಹಾಗೆಂದರೂ ಅವತ್ತಿನಿಂದ ಅವರಿಗೆ ಒಂದೇ ಹಟ: ಮುಂದಿನ ಹಬ್ಬಕ್ಕೆ ಮಗ ತಮ್ಮ ಹೊಲಿಗೆ ತೊಟ್ಟೇ ಈದ್ಗಾಕ್ಕೆ ನಡೆಯಬೇಕು. ಗಿರಾಕಿಗಳ ಎದೆಯ ಮೇಲಿನ ಗುರುತು ನೋಡುತ್ತ ಎರಡು ತಿಂಗಳು ಕಳೆದರು. ಕೊನೆಗೆ ಒಂದು ದಿನ ಜೇಬಿನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಓಡುವ ಕುದುರೆ ಬರೆದು, ಇದನ್ನು ದಾರದಲ್ಲಿ ತೆಗೆದುಕೊಡು ಎಂದು ನನ್ನ ಕೈಗೆ ಕೊಟ್ಟರು. ಶಾಲೆಯಲ್ಲಿ ನಾನು ಕಲಿತಿದ್ದ ಕಸೂತಿ ಗಿಳಿ ಮತ್ತು ಕಮಲದ ಮಟ್ಟಿಗಿತ್ತು. ತೊಡೆಯ ಮೇಲಿಟ್ಟುಕೊಂಡು ತಲೆಯಿಂದ ಶುರು ಮಾಡಿದೆ. ಕಾಲಿನವರೆಗೆ ಬರುವಷ್ಟರಲ್ಲಿ ಸೀಮೆಸುಣ್ಣ ಅಳಿಸಿ, ಕುದುರೆಯ ಅರ್ಧ ಕಾಲು ನನ್ನ ಲಂಗಕ್ಕೆ ಹತ್ತಿತ್ತು. ಬಟ್ಟೆಯ ಮೇಲೆ ಉಳಿದಷ್ಟನ್ನು ಹೊಲಿದೆ.

ಅವ್ವ ನೋಡಿ ಆಡು ಎಂದಳು. ಅಪ್ಪ ಕನ್ನಡಕ ಏರಿಸಿ, ಕಿವಿಯ ಪ್ರಕಾರ ಕತ್ತೆ, ಕಾಲಿನ ಪ್ರಕಾರ ಮುಂಗುಸಿ ಎಂದ. ಮಾಸ್ತರರ ಹೆಂಡತಿಯನ್ನು ನಾನು ಖಾಲಾ ಎನ್ನುತ್ತಿದ್ದೆ. ಖಾಲಾ ನೋಡಿದವಳೇ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ಮಾಸ್ತರರು ಮಾತ್ರ ಬಿಚ್ಚಿಸಲಿಲ್ಲ. ಇನ್ನೊಂದು ಕುದುರೆಗೆ ದಾರ ಹಾಳು ಮಾಡುವುದು ಬೇಡ ಎಂದು, ಅದೇ ಜೇಬಿನ ಅಂಗಿ ಹೊಲಿದು, ರಾಯಚೂರಿನಲ್ಲಿ ಮಗನ ಹಾಸ್ಟೆಲಿಗೆ ಹತ್ತಿರವಿದ್ದ ತಮ್ಮ ಹಳೆಯ ಪರಿಚಯದ ಬಟ್ಟೆ ವ್ಯಾಪಾರಿಗೆ ತೋರಿಸಲು ಒಯ್ದರು.

ವ್ಯಾಪಾರಿ ಹೊಲಿಗೆ ನೋಡಲಿಲ್ಲ, ಪ್ರಾಣಿಯನ್ನು ನೋಡಿದ. ಇದೇನು ಎಂದು ಕೇಳಿದ. ಕುದುರೆ ಎಂದರು ಇವರು, ಸಣ್ಣ ದನಿಯಲ್ಲಿ. ಯಾರಿಗೂ ಹೇಳಬೇಡಿ, ಹುಡುಗರು ಕೇಳುತ್ತಲೇ ಇರಲಿ, ಎರಡು ಡಜನ್ ಕಳಿಸಿ ಎಂದನಂತೆ ಅವನು. ಕಾಲರಿನ ಒಳಗಿನ ಪಟ್ಟಿ ಮಾತ್ರ ಬೇಡ. ಮಾನ್ವಿ ಎಂದು ಇದ್ದರೆ ರಾಯಚೂರಿನಲ್ಲಿ ಹೋಗುವುದಿಲ್ಲ, ಬೊಂಬಾಯಿಯ ಮಾಲು ಎಂದು ಮಾರುತ್ತೇನೆ, ನೀವೂ ಬಾಯಿ ಬಿಡಬೇಡಿ, ಎಂದ. ವಾಪಸು ಬಂದ ಮಾಸ್ತರರು ಆ ಬಿಳಿ ಪಟ್ಟಿಗಳ ಸುರುಳಿಯನ್ನು ಎತ್ತಿ ಗೂಡಿನಲ್ಲಿಟ್ಟರು. ಆ ದಿನ ಗಡ್ಡದ ದಾರವನ್ನು ಎರಡು ಸಲ ಒಂದೊಂದಾಗಿ ಆರಿಸಿ ತೆಗೆದರು, ಯಾರೂ ಹೇಳದೆ.

ಎರಡು ಡಜನ್ನಿನಲ್ಲಿ ನಾಲ್ಕು ಅಂಗಿಗಳನ್ನು ಅವರು ಬೇರೆ ಕತ್ತರಿಸಿದ್ದು ನಾನು ನೋಡಿದೆ. ನಾಲ್ಕಕ್ಕೂ ಬಲ ಹೆಗಲು ಅರ್ಧ ಬೆರಳು ಕೆಳಗೆ. ಮಗ ಆ ಅಂಗಡಿಗೆ ಹೋಗೇ ಹೋಗುತ್ತಾನೆ ಎಂದರು, ನಾನು ಕೇಳದಿದ್ದರೂ.

ಮೂರೇ ವಾರಕ್ಕೆ ಇನ್ನೂ ಮೂರು ಡಜನ್ ಕೇಳಿ ಕಾರ್ಡು ಬಂತು. ಈ ಸಲ ನಾನು ಹಟ ತೊಟ್ಟು, ಜಟಕಾ ನಿಲ್ಲುವ ಕಡೆ ಹೋಗಿ ಕುದುರೆಯನ್ನು ಗಮನವಿಟ್ಟು ನೋಡಿಕೊಂಡು ಬಂದು, ನಾಲ್ಕು ನೇರ ಕಾಲಿನ ಚೆಂದದ ಕುದುರೆ ತೆಗೆದೆ. ಅಷ್ಟೂ ವಾಪಸು ಬಂದವು. ಇದು ಡೂಪ್ಲಿಕೇಟು, ಹುಡುಗರು ಮುಟ್ಟುತ್ತಿಲ್ಲ ಎಂದು ಚೀಟಿ. ಬಿಚ್ಚಿ, ಮತ್ತೆ ಅದೇ ಮೋಟುಗಾಲಿನದನ್ನೇ ಹೊಲಿಯಬೇಕಾಯಿತು. ಬಂದ ವಿದ್ಯೆಯನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ.

ಮಾನ್ವಿಯ ಹುಡುಗರೂ ರಾಯಚೂರಿಗೆ ಬಸ್ಸಿನಲ್ಲಿ ಹೋಗಿ ಅದೇ ಅಂಗಿ ತಂದು, ಎದೆ ಮುಂದೆ ಮಾಡಿಕೊಂಡು ಮಾಸ್ತರರ ಅಂಗಡಿಯ ಮುಂದೆಯೇ ಅಡ್ಡಾಡಿದರು. ಕುರ್ಡಿಯಿಂದ, ಬಾಗಲವಾಡದಿಂದ ಹುಡುಗರು ಹಳೆಯ ಅಂಗಿ ಹಿಡಿದುಕೊಂಡು ಬಂದು, ಇಂಥದೊಂದು ಪ್ರಾಣಿ ಹಾಕಿಕೊಡಲು ಆಗುತ್ತದೇನು ಎಂದು ಕೇಳುವರು. ವ್ಯಾಪಾರಿಗೆ ಕೊಟ್ಟ ಮಾತಿತ್ತಲ್ಲ.

“ಅದು ಬೊಂಬಾಯಿ ಮಷಿನ್ ಕೆಲಸಪ್ಪಾ. ನಮ್ಮ ಕೈಲೆ ಆಗಂಗಿಲ್ಲ,” ಎನ್ನುವರು ಇವರು. ಅಂಗಡಿಯ ಪರದೆಯ ಹಿಂದೆ ಆ ಬೊಂಬಾಯಿಯ ಮಷಿನ್ ಆದ ನಾನು ಉಸಿರು ಹಿಡಿದುಕೊಂಡು ಕೂತಿರುತ್ತಿದ್ದೆ. ಪಾಪ, ಮುದುಕನಿಗೆ ಹೊಸ ಕೆಲಸ ಬರುವುದಿಲ್ಲ ಎಂದು ಹುಡುಗರು ಮರುಗುತ್ತ ಹೋಗುವರು.

ಶಾಲೆಯಲ್ಲಿ ಪ್ರಾಣಿ ಇದ್ದವರದು ಒಂದು ಬೆಂಚು, ಇಲ್ಲದವರದು ಒಂದು ಬೆಂಚು ಆಯಿತು. ಇಲ್ಲದ ಒಬ್ಬ ಹುಡುಗ ಜೇಬಿನ ಮೇಲೆ ಮಸಿಯಿಂದ ಬರೆದುಕೊಂಡು ಬಂದು, ಬೆವರಿಗೆ ಅದು ಹೊಟ್ಟೆಯವರೆಗೆ ಇಳಿದು ಅತ್ತನಂತೆ. ಅಪ್ಪನಿಗೆ ಸಿಟ್ಟು ಬಂತು. ಶಾಲೆಯೊಳಗೆ ಪ್ರಾಣಿ ತರಕೂಡದೆಂದು ಪ್ರಾರ್ಥನೆಯ ಹೊತ್ತಿನಲ್ಲಿ ಸಾರಿದ. ಹುಡುಗರು ಜೇಬಿಗೆ ಕರವಸ್ತ್ರ ಇಳಿಬಿಟ್ಟು ಮುಚ್ಚಿಕೊಂಡರು. ಅಪ್ಪ ಒಂದೊಂದೇ ಕರವಸ್ತ್ರ ಎತ್ತಿ ನೋಡಿದ. ಹಗಲೆಲ್ಲ ಅವನು ಶಾಲೆಯಲ್ಲಿ ಪ್ರಾಣಿ ಹಿಡಿಯುವುದು, ನಾನು ಅಂಗಡಿಯಲ್ಲಿ ಪ್ರಾಣಿ ಮಾಡುವುದು. ಊಟಕ್ಕೆ ಕೂತಾಗ ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ. ಒಂದು ದಿನ ಮಾತ್ರ, ಹತ್ತನೇ ಕ್ಲಾಸಿನ ಒಬ್ಬ ಹುಡುಗ ಆ ಅಂಗಿ ತೊಟ್ಟಾಗಿನಿಂದ ಬಲಕ್ಕೆ ವಾಲಿ ನಿಲ್ಲುತ್ತಾನೆ, ಡಾಕ್ಟರಿಗೆ ತೋರಿಸಬೇಕೇನೋ ಎಂದ. ನಾನು ಸಾರು ಬಡಿಸಿದೆ. ಬೇರೆ ಕತ್ತರಿಸಿದ ಆ ನಾಲ್ಕರಲ್ಲಿ ಒಂದು ಮಾನ್ವಿಗೇ ತಿರುಗಿ ಬಂದಿತ್ತು. ಆ ಸುದ್ದಿ ಹೇಳಿದಾಗ ಮಾಸ್ತರರ ಕತ್ತರಿ ನಿಂತಿತು.

“ಇನ್ನ ಮೂರು ಅವ,” ಎಂದು ಮತ್ತೆ ಕತ್ತರಿ ಆಡಿಸಿದರು.

ಹಬ್ಬ ಬಂತು. ಹಬ್ಬದ ಬೆಳಿಗ್ಗೆ ಖಾಲಾ ನಮ್ಮ ಮನೆಗೆ ಶಾವಿಗೆ, ಸಕ್ಕರೆ, ಉತ್ತತ್ತಿ ಹಸಿಯಾಗಿಯೇ ಕಳಿಸುವುದು, ಅವ್ವ ನಮ್ಮ ಒಲೆಯ ಮೇಲೆ ಕುದಿಸಿಕೊಳ್ಳುವುದು ರೂಢಿ. ನಾನು ಬಟ್ಟಲು ವಾಪಸು ಕೊಡುವ ನೆವ ಮಾಡಿಕೊಂಡು ಹೋಗಿ ಅಲ್ಲಿಯೇ ತಿಂದು ಬರುವುದೂ ರೂಢಿ, ಅವ್ವ ಕೇಳುತ್ತಿರಲಿಲ್ಲ. ಮಗ ಹಿಂದಿನ ಸಂಜೆಯ ಬಸ್ಸಿಗೆ ಬಂದಿದ್ದ. ನಾನು ಹೋದಾಗ ಕನ್ನಡಿಯ ಮುಂದೆ ನಿಂತಿದ್ದ. ಮೈಮೇಲೆ ತಿಳಿಹಸಿರು ಅಂಗಿ, ಜೇಬಿನ ಮೇಲೆ ನನ್ನ ಪ್ರಾಣಿ.

ಮನೆಯಲ್ಲಿ ಅವರದು ದಖ್ಖನಿ ಮಾತು. ನಾನು ಬಂದರೆ ಕನ್ನಡಕ್ಕೆ ಹೊರಳುತ್ತಿದ್ದರು. ಅವತ್ತು ಅವನಿಗೆ ನನ್ನ ಕಡೆ ಗಮನವೇ ಇರಲಿಲ್ಲ. ಹೆಗಲ ಮೇಲೆ ಕೈಯಾಡಿಸಿಕೊಂಡು ಅಪ್ಪನಿಗೆ ತೋರಿಸುತ್ತಿದ್ದ.

“ಇಸ್ಕು ಬೋಲ್ತೇ ಫಿನಿಶಿಂಗ್, ಅಬ್ಬಾ.” ಇದಕ್ಕೆ ಫಿನಿಶಿಂಗ್ ಎನ್ನುತ್ತಾರೆ, ಎಂದು. ಆಮೇಲೆ ನನ್ನನ್ನು ಕಂಡು ಕನ್ನಡದಲ್ಲಿ ಮುಂದುವರಿಸಿದ: ಇಷ್ಟು ದಿನ ಯಾವ ಅಂಗಿಯೂ ಹೆಗಲಿಗೆ ಹೀಗೆ ಕೂತಿರಲಿಲ್ಲ, ಬೊಂಬಾಯಿಯವರಿಗೆ ಮನುಷ್ಯರ ಅಳತೆ ಗೊತ್ತು. ಖಾಲಾ ಬಾಯಿ ತೆರೆದಳು. ಮಾಸ್ತರರು ಕಣ್ಣಿನಲ್ಲೇ ಸುಮ್ಮನಿರಿಸಿ, ಮಗನ ಕಾಲರು ಸರಿ ಮಾಡಿ, ಚೆಂದ ಅದ ಎಂದರು.

ಅವನು ಚಪ್ಪಲಿ ಹುಡುಕಲು ಹೊರಗೆ ಹೋದಾಗ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ಬಿಚ್ಚಿ ಇಡ್ತಾನವ್ವಾ,” ಎಂದರು. ಅಷ್ಟು ಹೇಳಿ ಟೋಪಿ ಹಾಕಿಕೊಂಡು ಮಗನ ಹಿಂದೆ ನಡೆದರು.

ನಮಾಜು ಮುಗಿದು, ಸಿಕ್ಕಸಿಕ್ಕವರನ್ನೆಲ್ಲ ಅಪ್ಪಿಕೊಂಡು ಮಧ್ಯಾಹ್ನದ ಮುಂಚೆ ಇಬ್ಬರೂ ಬಂದರು. ಮಗನ ಮುಖ ಸಣ್ಣದಾಗಿತ್ತು. ಅಪ್ಪಿಕೊಳ್ಳುವ ಗದ್ದಲದಲ್ಲಿ ಎದೆಯ ಎರಡನೆಯ ಗುಂಡಿ ಕಿತ್ತು ಎಲ್ಲೋ ಹೋಗಿತ್ತು. ನಾನು ತಲೆ ತಗ್ಗಿಸಿದೆ. ಗುಂಡಿ ನನ್ನ ಕೆಲಸ. ಬುಡಕ್ಕೆ ಮೂರು ಸುತ್ತು ದಾರ ಸುತ್ತಿ ಗಂಟು ಹಾಕಬೇಕೆಂದು ಮಾಸ್ತರರು ನೂರು ಸಲ ಹೇಳಿದ್ದರು. ಪ್ರಾಣಿಗೆ ಹೊತ್ತು ಹಿಡಿಯುತ್ತಿದೆ ಎಂದು ಆ ಡಜನ್ನುಗಳಿಗೆಲ್ಲ ಒಂದೇ ಸುತ್ತು ಸುತ್ತಿ ಸಾಗಹಾಕಿದ್ದೆ.

ಇಂಥ ಗುಂಡಿ ಇಲ್ಲಿ ಸಿಗುವುದಿಲ್ಲ, ಬೊಂಬಾಯಿಯದು ಎಂದು ಅವನು ಗೊಣಗುತ್ತಿದ್ದ. ಮಾಸ್ತರರು ಅವನನ್ನು ಎಳೆದು ಸ್ಟೂಲಿನ ಮೇಲೆ ಕೂರಿಸಿದರು. ಬಟ್ಟೆ ಮೈಮೇಲಿದ್ದಾಗ ಹೊಲಿದರೆ, ತೊಟ್ಟವರು ಬಾಯಲ್ಲಿ ದಾರದ ತುಂಡು ಕಚ್ಚಿಕೊಂಡಿರಬೇಕು, ಮಾತಾಡಬಾರದು. ಇಲ್ಲದಿದ್ದರೆ ಕೆಟ್ಟದ್ದು ಎಂದು ನಮ್ಮ ಕಡೆ ನಂಬಿಕೆ. ಅವನ ಬಾಯಿಗೆ ತಿಳಿಹಸಿರು ದಾರ ಇಟ್ಟು, ಮಾಸ್ತರರು ಗುಂಡಿಯ ಡಬ್ಬಿ ತೆಗೆದು ಅವನ ತೊಡೆಯ ಮೇಲಿಟ್ಟರು. ಅದರ ತುಂಬ ಅವೇ ಗುಂಡಿಗಳು, ನೂರಾರು. ಅವನು ಡಬ್ಬಿ ನೋಡಿದ. ತನ್ನ ಬಾಯಿಂದ ಇಳಿಬಿದ್ದಿದ್ದ, ಅಂಗಿಯದೇ ಬಣ್ಣದ ದಾರವನ್ನು ನೋಡಿದ. ಬಲ ಹೆಗಲ ಮೇಲೆ ಕೈ ಇಟ್ಟುಕೊಂಡ. ಅಪ್ಪನ ಮುಖ ಅವನ ಎದೆಗೆ ಹತ್ತಿರವಿತ್ತು. ಸೂಜಿ ಒಳಗೆ ಹೊರಗೆ ಓಡುತ್ತಿತ್ತು. ಒಂದು ಸುತ್ತು, ಎರಡು, ಮೂರು. ಮಾಸ್ತರರು ಬಾಗಿ ದಾರ ಕಡಿದರು. ಎದ್ದಾಗ ಗಡ್ಡದಲ್ಲಿ ಹಸಿರು ತುಂಡು.

ಈಗ ಬಿಚ್ಚುತ್ತಾನೆ ಎಂದು ನಾನೂ ಖಾಲಾಳೂ ಗೋಡೆಗೆ ಒರಗಿ ನಿಂತಿದ್ದೆವು. ಮಾಸ್ತರರು ಸೂಜಿಯನ್ನು ಎಲ್ಲಿ ಚುಚ್ಚಿಡಬೇಕೆಂದು ತಿಳಿಯದವರಂತೆ ಕೈಯಲ್ಲೇ ಹಿಡಿದಿದ್ದರು. ಅವನು ಬಾಯಿಯ ದಾರ ತೆಗೆದ.

“ಅಬ್ಬಾ, ಇದು ಏನು ಪ್ರಾಣಿ?”

“ಕುದುರಿ.”

“ಕುದುರಿ?” ಎಂದು ಅವನು ಜೇಬನ್ನು ಎತ್ತಿ ಹಿಡಿದು ನೋಡಿದ. ಆಮೇಲೆ ನನ್ನನ್ನು ನೋಡಿದ. “ಹಾಸ್ಟೆಲಿನ್ಯಾಗ ಇದರ ಸಲುವಾಗಿ ಬಡದಾಡ್ಯಾರವಾ. ನಾ ಆಸ್ಟ್ರೇಲಿಯಾದ ಪ್ರಾಣಿ ಅಂತ ಆಣಿ ಮಾಡೀನಿ.”

ಮೊದಲು ಖಾಲಾ ನಕ್ಕಳು. ಆಮೇಲೆ ಅವನು, ಸ್ಟೂಲಿನಿಂದ ಬೀಳುವಷ್ಟು. ಮಾಸ್ತರರು ನಗಲಿಲ್ಲ, ಗಡ್ಡ ಸವರಿಕೊಂಡು, ಕಾಲು ಅಳಿಸಿತ್ತು, ಹುಡುಗಿಯ ತಪ್ಪಿಲ್ಲ ಎಂದು ನನ್ನ ಪರವಾಗಿ ವಾದ ಮಾಡಿದರು.

ಮುಂದಿನ ವರ್ಷಕ್ಕೆ ಹುಡುಗರು ಬೇರೆ ಪ್ರಾಣಿಯ ಹಿಂದೆ ಹೋದರು, ವ್ಯಾಪಾರಿಯ ಕಾರ್ಡು ನಿಂತಿತು. ನಾನು ಮದುವೆಯಾಗಿ ದೇವದುರ್ಗಕ್ಕೆ ಬಂದೆ. ಮಾಸ್ತರರು ತೀರಿಕೊಂಡು ಬಹಳ ವರ್ಷವಾಯಿತು. ಸುದ್ದಿ ನನಗೆ ತಿಳಿದದ್ದೂ ಮೂರು ದಿನ ತಡವಾಗಿ. ಮಕ್ಕಳ ಓದು ನಡೆದದ್ದು ನಾನು ಓಣಿಯವರ ರವಿಕೆ ಹೊಲಿದು. ಆ ಕೈ ಅವರು ಕೊಟ್ಟದ್ದು. ಅದನ್ನು ಅವರಿಗೆ ಬಾಯಿಬಿಟ್ಟು ಒಂದು ದಿನವೂ ಹೇಳಲಿಲ್ಲ. ಅವರ ಮುಖಕ್ಕಿಂತ ಹೆಚ್ಚಾಗಿ ನನಗೆ ಆ ಒಂದು ಮಧ್ಯಾಹ್ನ ನೆನಪಿದೆ.

ಅವತ್ತು ಖಾಲಾ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ, ಬಡಿಸಿದಳು. ಹಾಲು ಗಟ್ಟಿಯಾಗಿತ್ತು, ಉತ್ತತ್ತಿ ಚೆನ್ನಾಗಿ ಬೆಂದಿತ್ತು. ನಾನು ಎರಡು ಬಟ್ಟಲು ತಿಂದೆ, ಮಗ ಮೂರು. ಮಾಸ್ತರರು ಅರ್ಧ ತಿಂದು ಬಟ್ಟಲು ಹಿಡಿದುಕೊಂಡೇ ಕೂತರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಯಾರಾದರೂ ಗೋಡೆಗೆ ಒರಗಿದರೂ ಬೈಯುವವರು ಅವರು. ಮಗ ಅದೇ ಅಂಗಿಯಲ್ಲಿ ಚಾಪೆಯ ಮೇಲೆ ಉರುಳಿ, ಬಲ ಹೆಗಲು ಕೆಳಗೆ ಮಾಡಿಕೊಂಡು, ಎಲ್ಲರಿಗಿಂತ ಮೊದಲು ನಿದ್ದೆ ಹೋದ. ಮಾಸ್ತರರು ಬೈಯದೆ, ಬಟ್ಟಲಿನ ಉಳಿದರ್ಧ ತಿಂದು ಮುಗಿಸಿದರು.