ಎಂಟರ್ ಒತ್ತಿದ ಕೈ

ನನ್ನ ಕೆಲಸ ಏನು ಅಂತ ಶಿರಾಳಕೊಪ್ಪದ ನಮ್ಮ ನೆಂಟರಿಗೆ ಇವತ್ತಿಗೂ ತಿಳಿದಿಲ್ಲ. ‘ಇಂಟರ್ನೆಟ್ ರಿಪೇರಿ’ ಅಂದುಬಿಡ್ತೀನಿ. ‘ಹಂಗಾದ್ರೆ ನಮ್ಮ ಮೊಬೈಲ್ ಒಂಚೂರು ನೋಡು’ ಅಂತಾರೆ. ಮೂಗಿನ ತುದಿಯಲ್ಲೇ ಸಿಟ್ಟು ಇರೋಳು ನಾನು, ಬೈದುಕೊಂಡೇ ನೋಡಿಕೊಡ್ತೀನಿ.

ನಿಜವಾದ ಕೆಲಸ ಬೇರೆ. ಶಿಕಾರಿಪುರ, ಸೊರಬ ಎರಡೂ ಕಡೆ ಕಾಲೇಜು, ನರ್ಸಿಂಗ್ ಹೋಮುಗಳ ಗೋಡೆ ಬೀರುವಿನಲ್ಲಿ ರೂಟರ್ ಅನ್ನೋ ಪೆಟ್ಟಿಗೆ ಇರುತ್ತದೆ. ಕಟ್ಟಡದ ಕಂಪ್ಯೂಟರುಗಳೆಲ್ಲ ಹೊರಗಿನವರ ಜೊತೆ ಮಾತಾಡೋದು ಅದರ ಮೂಲಕವೇ. ಅದಕ್ಕೆ ಮೌಸಿಲ್ಲ, ಚಿತ್ರವಿಲ್ಲ. ಲ್ಯಾಪ್‌ಟಾಪಿನಿಂದ ಒಂದು ವೈರು ಸಿಕ್ಕಿಸಿ, ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಆದೇಶ ಟೈಪ್ ಮಾಡಬೇಕು. ಅದರಲ್ಲಿ ಅರ್ಧ ಕೆಲಸ ಫೈಲು ಕಾಪಿ ಮಾಡೋದೇ. ಪೆಟ್ಟಿಗೆಯ ಸೆಟ್ಟಿಂಗ್ ನಮ್ಮ ಲ್ಯಾಪ್‌ಟಾಪಿಗೆ, ಹೊಸ ಸಾಫ್ಟ್‌ವೇರ್ ನಮ್ಮಿಂದ ಪೆಟ್ಟಿಗೆಗೆ.

ಇದನ್ನು ನನಗೆ ಕಲಿಸಿದವರು ಶಿಕಾರಿಪುರದ ಒಬ್ಬ ಹಿರಿಯರು. ಮೊದಲು ಟೆಲಿಫೋನ್ ಕಂಬ ಹತ್ತುತ್ತಿದ್ದವರು, ಆಮೇಲೆ ಈ ಕೆಲಸ ಕಲಿತವರು. ನಾವಿಬ್ಬರೂ ಒಬ್ಬನೇ ಕಂಟ್ರಾಕ್ಟರನ ಕೈಕೆಳಗೆ ಇದ್ದೆವು. ಅವರದ್ದೊಂದು ಪದ್ಧತಿ ಇತ್ತು. ಕಾಪಿ ಆದೇಶದಲ್ಲಿ ಎಲ್ಲಿಂದ ಅನ್ನೋದು ಮೊದಲು, ಎಲ್ಲಿಗೆ ಅನ್ನೋದು ಆಮೇಲೆ. ಟೈಪ್ ಮಾಡಿದವರು ಆ ಸಾಲನ್ನು ಗಟ್ಟಿಯಾಗಿ ಓದಬೇಕು. ಪಕ್ಕದವರು ಅದನ್ನೇ ವಾಪಸ್ ಹೇಳಬೇಕು. ಅಲ್ಲೀವರೆಗೂ ಎಂಟರ್ ಮುಟ್ಟುವ ಹಾಗಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಕಾಲೇಜಿನ ಜವಾನನನ್ನೇ ಕೂಗಿ ಕೂರಿಸಿಕೊಂಡು ಹೇಳಿಸುತ್ತಿದ್ದರು. ‘ಅವನಿಗೇನು ಗೊತ್ತಾಗುತ್ತೆ, ಕೋಣನ ಮುಂದೆ ಕಿನ್ನರಿ’ ಅಂತ ನಾನು ರೇಗುತ್ತಿದ್ದೆ. ‘ಅವನಿಗೆ ಗೊತ್ತಾಗೋಕಲ್ಲ ಕಣವ್ವ, ನನ್ನ ಕಿವಿಗೆ ಬೀಳೋಕೆ’ ಅನ್ನುತ್ತಿದ್ದರು.

ಕೆಲಸ ಮುಗಿದ ಮೇಲೆ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯೋರು. ಯಾವ ಫೈಲು, ಎಲ್ಲಿಂದ, ಎಲ್ಲಿಗೆ, ಎಂಟರ್ ಒತ್ತಿದ್ದು ಯಾರು. ತಪ್ಪು ಬರೆದರೆ ಒಂದೇ ಗೀಟು, ಪಕ್ಕದಲ್ಲಿ ಸರಿಯಾದದ್ದು, ಕೆಳಗೆ ರುಜು. ಉಜ್ಜಿ ಅಳಿಸಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಸುಳ್ಳು ಬರೆಯೋ ಮಾತಂತೂ ಇಲ್ಲವೇ ಇಲ್ಲ.

ಐದು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಸೊರಬದ ಒಂದು ಖಾಸಗಿ ಕಾಲೇಜು. ಮರುದಿನ ಅಲ್ಲಿ ಮಕ್ಕಳಿಗೆ ಕಂಪ್ಯೂಟರಿನಲ್ಲೇ ಪರೀಕ್ಷೆ. ಅಷ್ಟರೊಳಗೆ ರೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು. ನಾನು ಸಾಲು ಟೈಪ್ ಮಾಡಿ ಕೂತೆ. ‘ಇರು, ಯುಪಿಎಸ್ ಬ್ಯಾಟರಿ ನೋಡ್ಕೊಂಡು ಬರ್ತೀನಿ’ ಅಂತ ಅವರು ಪಕ್ಕದ ಕೋಣೆಗೆ ಹೋದರು. ಐದು ನಿಮಿಷ ಆಯಿತು, ಹತ್ತಾಯಿತು. ನಾಲ್ಕೂವರೆ ಬಸ್ಸು ತಪ್ಪಿದರೆ ಶಿರಾಳಕೊಪ್ಪ ಸೇರೋದು ಯಾವಾಗ? ಒಂದು ಎಂಟರ್‌ಗೂ ಸಾಕ್ಷಿ ಬೇಕಾ ಅನ್ನಿಸಿತು. ಒತ್ತಿದೆ.

ಪೆಟ್ಟಿಗೆ ಒಂದೊಂದೇ ಪ್ರಶ್ನೆ ಕೇಳುತ್ತದೆ. ಫೈಲಿನ ಹೆಸರು ಇದೇನಾ? ಎಂಟರ್. ಅಲ್ಲೂ ಇದೇ ಹೆಸರಾ? ಎಂಟರ್. ಮೂರನೆಯದು, ಮೊದಲು ಹಳೆಯದನ್ನೆಲ್ಲ ಅಳಿಸಲಾ? ಬರೀ ಎಂಟರ್ ಒತ್ತಿದರೆ ಹ್ಞೂಂ ಅಂದ ಹಾಗೆ, ಅಲ್ಲಿ ಬೇಡ ಅಂತ ಟೈಪ್ ಮಾಡಬೇಕಿತ್ತು. ಅದೇ ಓಟದಲ್ಲಿ ನನ್ನ ಬೆರಳು ಅದಕ್ಕೂ ಎಂಟರ್ ಒತ್ತಿತು. ಓದಿದ್ದು ಒತ್ತಿದ ಮೇಲೆ. ಹಳೆಯದು ಹೋಯಿತು, ಹೊಸದು ಬರತೊಡಗಿತು. ಪೂರ್ತಿ ಬಂದು ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅರ್ಧ ಬಂದಿತ್ತು, ಕರೆಂಟು ಹೋಯಿತು. ಯುಪಿಎಸ್ ಒಂದು ಸಲ ಕೀಂ ಅಂತು, ಅಷ್ಟೇ. ಬ್ಯಾಟರಿ ಸತ್ತಿತ್ತು. ಅದನ್ನೇ ಹೇಳೋಕೆ ಅವರು ಬಾಗಿಲವರೆಗೂ ಬಂದಿದ್ದರು.

ಕರೆಂಟು ಬಂದ ಮೇಲೆ ಪೆಟ್ಟಿಗೆ ಏಳಲಿಲ್ಲ. ಒಳಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದನ್ನು ಬಿಚ್ಚಿಕೊಂಡು ಹೋಗಿ ಎಬ್ಬಿಸಲು ಎರಡು ದಿನ ಬೇಕಾಯಿತು, ಪರೀಕ್ಷೆ ಮುಂದಕ್ಕೆ ಹೋಯಿತು. ಆವತ್ತೇ ಕಾಲೇಜಿನವರು ಬಂದು ‘ಯಾರು ಮಾಡಿದ್ದು ಇದು?’ ಅಂತ ಕೇಳಿದರು. ಹಿರಿಯರು ಪರದೆ ನೋಡಿದರು, ನನ್ನ ಮುಖ ನೋಡಿದರು. ‘ನಾನ್ರೀ. ಕಣ್ಣು ಮಂಜು, ನೋಡದೆ ಒತ್ತಿಬಿಟ್ಟೆ’ ಅಂದರು.

ಬೀದಿಯಲ್ಲಿ ಯಾರು ಕೆಣಕಿದರೂ ಬಾಯಿ ಮಾಡೋ ನಾನು ಆವತ್ತು ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡೆ. ನನ್ನ ಕೆಲಸ ಕಾಯಂ ಆಗಲು ಒಂದು ತಿಂಗಳು ಬಾಕಿ ಇತ್ತು. ಬಸ್ಸಿನಲ್ಲಿ ಅಳುತ್ತಾ ಕೂತಿದ್ದೆ. ‘ನಂದು ಮುಗೀತಾ ಬಂತು, ನಿಂದು ಈಗ ಶುರು. ಇನ್ಮೇಲೆ ಓದಿ ಒತ್ತು, ಸಾಕು’ ಅಂದರು ಪಕ್ಕದಲ್ಲಿದ್ದ ಹಿರಿಯರು. ಕಂಟ್ರಾಕ್ಟರ್ ಅವರನ್ನು ಪೆಟ್ಟಿಗೆ ಮುಟ್ಟೋಕೆ ಬಿಡಲಿಲ್ಲ, ಕೇಬಲ್ ಎಳೆಯೋಕೆ ಹಾಕಿದ. ಆರು ತಿಂಗಳಿಗೆ ಅವರೇ ಕೆಲಸ ಬಿಟ್ಟರು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನಾನು ಮಾಡಿದ್ದನ್ನು ಅವರು ಉಂಡರು. ಶಿರಾಳಕೊಪ್ಪದ ಸಂತೆಯಲ್ಲಿ ಸಿಕ್ಕಾಗೆಲ್ಲ ‘ಓದ್ತೀಯಾ?’ ಅಂತ ಒಂದೇ ಮಾತು ಕೇಳೋರು. ‘ಓದ್ತೀನಿ’ ಅನ್ನುತ್ತಿದ್ದೆ. ಕಂಟ್ರಾಕ್ಟರನಿಗೆ ನಿಜ ಹೇಳಿಬಿಡ್ತೀನಿ ಅಂತ ಪ್ರತಿ ಸಲವೂ ಅಂದುಕೊಂಡೆ, ಹೇಳಲಿಲ್ಲ. ನಾಚಿಕೆಗೇಡು ನನ್ನದು.

ಈ ವರ್ಷ ಅವರು ತೀರಿಕೊಂಡರು. ಶಿವಗಣಾರಾಧನೆ ಕಳೆದ ಮೇಲೆ ಅವರ ಹೆಂಡತಿ ಹೇಳಿ ಕಳಿಸಿದರು, ನೋಟ್‌ಬುಕ್ಕುಗಳನ್ನು ಒಯ್ಯಲಿಕ್ಕೆ. ಶಿಕಾರಿಪುರಕ್ಕೆ ಹೋದೆ. ಚಹಾ ಕೊಟ್ಟು, ಪುಸ್ತಕಗಳನ್ನು ನನ್ನ ಮುಂದೆ ಇಟ್ಟರು.

‘ಎಷ್ಟು ಬರೆದ್ರೂ ಕಡೀಕೆ ಸೊರಬದಲ್ಲಿ ತಪ್ಪಿದ್ರಲ್ರೀ. ಆವತ್ತಿಂದ ನಾ ಅವರ ಕೈಗೆ ಏನೂ ಕೊಡ್ಲಿಲ್ಲ. ಮಿಕ್ಸಿ ವೈರ್ ಹಾಕೋಕೆ ಬಂದ್ರೂ, ಸುಟ್ಟುಗಿಟ್ಟೀರಿ, ಬಿಡ್ರಿ ಅಂತ ಗದರ್ತಿದ್ದೆ.’

‘ಅವರೇನು ಅಂತಿದ್ರು?’

‘ಹ್ಞೂಂ ಅಂತಿದ್ರು. ಬಿಟ್ಟು ಹೋಗಿ ಕೂರ್ತಿದ್ರು.’

ಅವುಗಳಲ್ಲಿ ಕಡೆಯ ಪುಸ್ತಕ ತೆಗೆದೆ. ಸೊರಬದ ಆ ದಿನದ ಪುಟ ಸಿಕ್ಕಿತು. ಫೈಲು, ಎಲ್ಲಿಂದ, ಎಲ್ಲಿಗೆ, ಎಲ್ಲ ಅವರ ದುಂಡಗಿನ ಅಕ್ಷರದಲ್ಲಿ ಸರಿಯಾಗಿತ್ತು. ಎಂಟರ್ ಒತ್ತಿದ್ದು ಅನ್ನೋ ಕಡೆ ‘ನಾನು’ ಅಂತ ಬರೆದು ರುಜು ಹಾಕಿದ್ದರು. ಆ ಪುಸ್ತಕಗಳಲ್ಲಿ ಅವರು ಬರೆದ ಸುಳ್ಳು ಅದೊಂದೇ ಇರಬೇಕು.

ಪೆನ್ನು ಕೇಳಿ ಇಸಿದುಕೊಂಡೆ. ‘ನಾನು’ ಅನ್ನೋದರ ಮೇಲೆ ಒಂದೇ ಗೀಟು ಎಳೆದೆ. ಪಕ್ಕದಲ್ಲಿ ನನ್ನ ಹೆಸರು ಬರೆದು, ಕೆಳಗೆ ರುಜು ಮಾಡಿದೆ. ‘ಏನು ಬರೀತಿದ್ದೀರಿ?’ ಅಂತ ಆಯಮ್ಮ ಕೇಳಿದರು.

‘ಗಟ್ಟಿಯಾಗಿ ಓದ್ತೀನಿ. ನೀವು ವಾಪಸ್ ಹೇಳಬೇಕು’ ಅಂದೆ. ಓದಿದೆ. ಫೈಲು, ಎಲ್ಲಿಂದ, ಎಲ್ಲಿಗೆ. ಒತ್ತಿದ್ದು ಅವರಲ್ಲ, ನಾನು.

ಬೈದರೆ ಬೈಸಿಕೊಳ್ಳೋಣ ಅಂತ ತಲೆ ತಗ್ಗಿಸಿ ಕೂತಿದ್ದೆ.

‘ಒತ್ತಿದ್ದು ಅವರಲ್ಲ’ ಅಂದರು. ನನ್ನ ಹೆಸರಿನ ಮೇಲೆ ಬೆರಳಿಟ್ಟು, ‘ನೀವು’ ಅಂದರು.

‘ಹೌದ್ರೀ.’

ಆ ಒಂದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು. ‘ಉಳಿದವು ಒಯ್ಯಿರಿ. ಇದು ಇಲ್ಲಿರ್ಲಿ. ನಾ ಅವರಿಗೆ ಓದಿ ಹೇಳ್ಬೇಕು’ ಅಂದರು.