ಮದಲಗಿತ್ತಿ ಬಂದ ದಾರಿ

ಇಂದು ಬೆಳಿಗ್ಗೆ ಅಂಗಳ ಗುಡಿಸಿದೆ, ಎಮ್ಮೆ ಹಿಂಡಿದೆ, ಅತ್ತೆಗೆ ಸ್ನಾನಕ್ಕೆ ನೀರು ಕಾಯಿಸಿ ಕೊಟ್ಟೆ, ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟೆ, ಶೇಂಗಾ ಹುರಿದು ಚಟ್ನಿಹಿಂಡಿ ಕುಟ್ಟಿದೆ. ಆಮೇಲೆ ಟಿಕೋಟಾದಲ್ಲಿ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗಿ, ಜೀಪಿನ ಚಾಚಾನ ಮನೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಬಂದೆ. ಅವರು ತೀರಿಕೊಂಡ ಸುದ್ದಿ ಬಂದಾಗಲೇ ಹೋಗಬೇಕಿತ್ತು. ಹೋಗುವುದಕ್ಕೆ ಮುಖ ಇರಲಿಲ್ಲ.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಬಲ ಮೊಣಕೈ. ಜೀಪಿನ ಅಂಚಿಗೆ ಊರಿ ಊರಿ, ವರ್ಷಗಟ್ಟಲೆ ಬಿಸಿಲು ಕುಡಿದು, ಅದು ಎಡಗೈಗಿಂತ ಕಪ್ಪಾಗಿ ಎಮ್ಮೆಯ ಮೊಣಕಾಲಿನಷ್ಟು ಒರಟಾಗಿತ್ತು. ಸೊಲ್ಲಾಪುರ ರಸ್ತೆಯಲ್ಲಿ ಅವರದೊಂದು ಸಣ್ಣ ಗ್ಯಾರೇಜು. ವಾರವೆಲ್ಲ ಊರವರ ಗಾಡಿ ರಿಪೇರಿ ಮಾಡುವುದು, ರವಿವಾರ ಬಂತೆಂದರೆ ಜೀಪು ಇಟ್ಟುಕೊಂಡಿದ್ದ ಶಹರದ ನಾಲ್ಕಾರು ಜನರನ್ನು ಹಿಂದೆ ಹಾಕಿಕೊಂಡು ಡಾಂಬರು ಕಾಣದ ಹಳೆಯ ಬಂಡಿದಾರಿಗಳನ್ನು ಹುಡುಕಿಕೊಂಡು ಹೊರಡುವುದು. “ಡಾಂಬರಿನ್ಯಾಗ ಗಾಡಿ ತಾನ ಹೋಗತೈತಿ. ಮಣ್ಣಿನ್ಯಾಗ ನಾವು ಹೋಗಬೇಕು ನೋಡ್ರಿ,” ಎನ್ನುತ್ತಿದ್ದರು. ಬಾಯಿ ದೊಡ್ಡದು. ನಮ್ಮ ಮನೆಗೆ ಬಂದರೆ ಅರ್ಧ ಫರ್ಲಾಂಗು ದೂರದಿಂದಲೇ ಹಾರ್ನು ಹೊಡೆದು ಎಮ್ಮೆಯನ್ನು ಬೆದರಿಸುವರು. ಜೀಪು ನಿಂತಲ್ಲಿ ಅಂಗಳದ ಮೇಲೆ ಎಣ್ಣೆ ತೊಟ್ಟಿಕ್ಕುವುದು. ಇಳಿಯುವ ಮೊದಲೇ ಅವರ ಪ್ರಶ್ನೆ ಒಂದೇ: “ಏನ ಅಡಿಗಿ ಬೇಟಿ?”

ಬೇಟಿ, ಅಂದರೆ ಮಗಳೇ, ಎನ್ನುವುದಕ್ಕೆ ಕಾರಣ ನನ್ನ ಮದುವೆ. ನನ್ನ ತವರು ಕಾಖಂಡಕಿ. ಗಂಡನ ಮನೆ ಟಿಕೋಟಾದಿಂದ ಘೋಣಸಗಿಗೆ ಹೋಗುವ ಹಳೆಯ ಬಂಡಿದಾರಿಯ ಮೇಲಿನ ತೋಟದ ಮನೆ. ಮದುವೆ ಮುಗಿಸಿ ನಮ್ಮನ್ನು ಇಲ್ಲಿಗೆ ತಂದದ್ದು ಅವರ ಜೀಪು. ಮನೆ ಇನ್ನೇನು ಬಂತು ಎನ್ನುವಾಗ ಹಳ್ಳದಲ್ಲಿ ಹಿಂದಿನ ಗಾಲಿ ಉಸುಕಿನಲ್ಲಿ ಹೂತುಬಿಟ್ಟಿತು. ಹಿರಿಯರು ಒಬ್ಬೊಬ್ಬರು ಒಂದೊಂದು ಸಲಹೆ ಕೊಡುತ್ತ ನಿಂತರು. ನಮ್ಮ ಮನೆಯವರು ಬಾಸಿಂಗ ಜಾರದಂತೆ ಹಿಡಿದುಕೊಂಡು ನಿಂತರು. ಕುಳಿತು ಕುಳಿತು ನನಗೆ ಬೇಸರವಾಗಿ, ಇಳಿದು, ಸೆರಗು ಹಿಂದಕ್ಕೆ ಸರಿಸಿ ಸಿಕ್ಕಿಸಿ, ಹಳ್ಳದ ಚಪ್ಪಟೆ ಕಲ್ಲುಗಳನ್ನು ಆರಿಸಿ ತಂದು ಗಾಲಿಯ ಕೆಳಗೆ ಇಟ್ಟೆ. ಚಾಚಾ ಸ್ಟೇರಿಂಗು ಬಿಟ್ಟು ಎದ್ದು ನಿಂತು ಕೂಗಿದರು: “ಏ ಯಪ್ಪಾ! ಮದಲಗಿತ್ತಿ ಕಲ್ಲು ಹೊರಾಕತ್ತಾಳ, ನೀವು ಬಾಸಿಂಗ ಹಿಡಕೊಂಡು ನಿಂತೀರಿ! ಬರ್ರಿ, ತಳ್ರಿ!”

ಆಮೇಲೆ ನಮ್ಮ ಹೊಲ ದ್ರಾಕ್ಷಿ ತೋಟವಾಯಿತು. ದಾರಿಯ ಬದಿಗೇ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡು ಬಂತು. ಜೀಪುಗಳ ಧೂಳು ಬಲೆಯ ಮೇಲೆ ಹರವಿದ ದ್ರಾಕ್ಷಿಗೆ ಕೂತರೆ ಮಾಲು ಕೆಟ್ಟಂತೆಯೇ. ನಮ್ಮ ಮನೆಯವರು ಒಂದು ರವಿವಾರ ಅಡ್ಡ ನಿಂತು ಚೀರಾಡಿದರು. ಅದರ ಮುಂದಿನ ರವಿವಾರ ಚಾಚಾ ಬೇವಿನ ಮರದ ಹತ್ತಿರ ಎಲ್ಲರ ಎಂಜಿನ್ ಬಂದ್ ಮಾಡಿಸಿ, ಶೆಡ್ಡು ದಾಟುವವರೆಗೆ ಜೀಪುಗಳನ್ನು ಕೈಯಿಂದ ತಳ್ಳಿಸಿದರು. ಒಬ್ಬ ಡಾಕ್ಟರು ಏದುಸಿರು ಬಿಡುತ್ತ ನಿಂತಾಗ, “ತಳ್ರಿ ಡಾಕ್ಟರ್ ಸಾಹೇಬ್ರ, ಬರೇ ನಾಡಿ ಹಿಡದ್ರ ಹ್ಯಾಂಗ?” ಎಂದರು. ನಾನು ನಕ್ಕು ಎಲ್ಲರಿಗೂ ನೀರು ಕೊಟ್ಟೆ, ಒಂದೊಂದು ಮುಷ್ಟಿ ಮಣೂಕ ಕೊಟ್ಟೆ.

ಆದರೆ ಈ ದಾರಿಯ ಸುದ್ದಿ ಹಬ್ಬಿ, ಚಾಚಾನ ಜೊತೆಗಲ್ಲದೆ ತಮ್ಮಷ್ಟಕ್ಕೆ ಬರುವ ಜೀಪುಗಳು ಶುರುವಾದವು. ಅವು ತಳ್ಳುವ ಜಾತಿಯವಲ್ಲ. ನಮ್ಮ ಮನೆಯವರು ಕಬ್ಬಿಣದ ಗೇಟು ಹಾಕಿಸಿ ಕೀಲಿ ಜಡಿದರು. ಕೀಲಿಕೈ ನನ್ನ ಸೊಂಟಕ್ಕೆ ಬಂತು.

“ಬಂಡಿದಾರಿ ಇದು. ಬಂಡಿ ಬರಲಿ, ತಗೀತೇವಿ. ಜೀಪಿಗೆ ಯಾರು ಬರಕೊಟ್ಟಾರ?” ಎಂದರು ಇವರು.

“ಬಂಡಿ ಈಗ ಯಾರ ಕಡೆ ಅದಾವೋ ಮಾರಾಯಾ? ನಿನ್ನ ಟ್ರ್ಯಾಕ್ಟರ್ ಏನು ಹುಲ್ಲು ತಿಂತೈತಿ?” ಎಂದರು ಚಾಚಾ.

ಕೆಲವು ದಿನ ಬಿಟ್ಟು ಅವರೊಬ್ಬರೇ ಬಂದರು. ಜೀಪನ್ನು ಗೇಟಿನಾಚೆ ನಿಲ್ಲಿಸಿ, ನಡೆದು ಬಂದು, ಕಟ್ಟೆಯ ಮೇಲೆ ಕುಳಿತರು. “ನಿಮ್ಮ ಮ್ಯಾಲೆ ತಹಶೀಲ್ದಾರ ಕಚೇರಿಗೆ ಅರ್ಜಿ ಕೊಡಾಕತ್ತೇನ್ರಿ. ಮಂದಿ ಬಾಯಿಂದ ಕೇಳೂದು ಬ್ಯಾಡ, ನನ್ನ ಬಾಯಿಂದನ ಕೇಳ್ರಿ. ಏನ ಅಡಿಗಿ ಬೇಟಿ?” ಎಂದರು. ಆ ದಿನ ಪುಂಡಿಪಲ್ಯ ಮಾಡಿದ್ದೆ. ಎರಡು ಸಲ ಕೇಳಿ ಹಾಕಿಸಿಕೊಂಡು ಉಂಡರು. ಇವರು ಮುಖ ಗಂಟಿಕ್ಕಿಕೊಂಡೇ ಅವರ ತಾಟಿಗೆ ಮೊಸರು ಬಡಿಸಿದರು.

ಕಂದಾಯದ ಸಾಹೇಬರು ದಾರಿ ನೋಡಲು ಬಂದದ್ದು ಹೋದ ವರ್ಷ, ಮಳೆ ಮುಗಿದ ಮೇಲೆ. ನಕಾಶೆಯಲ್ಲಿ ಬಂಡಿದಾರಿ ಇರುವುದು ನಿಜ, ಅದರ ಮೇಲೆ ಮೋಟಾರು ಗಾಡಿ ಓಡಾಡುವ ರೂಢಿ ಮೊದಲಿನಿಂದ ಇತ್ತೋ ಇಲ್ಲವೋ ಎನ್ನುವುದಷ್ಟೇ ಅವರ ಪ್ರಶ್ನೆ. ಅಕ್ಕಪಕ್ಕದ ಹೊಲದವರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಚಾಚಾ ನನ್ನ ಕಡೆ ಕೈ ಮಾಡಿ, “ಈ ಹುಡುಗಿ ಮದಲಗಿತ್ತಿಯಾಗಿ ನನ್ನ ಜೀಪಿನ್ಯಾಗನ ಇದ ದಾರೀಲೆ ಬಂದಾಳ್ರಿ. ಕೇಳ್ರಿ ಬೇಕಾದ್ರ,” ಎಂದರು. ಅವರ ಮುಖದಲ್ಲಿ ಎಷ್ಟು ಭರವಸೆ ಇತ್ತೆಂದರೆ, ಗೆದ್ದೇಬಿಟ್ಟವರ ಹಾಗೆ ನಗುತ್ತಿದ್ದರು.

“ಹೌದೇನವಾ? ಇದ ದಾರಿ ಏನು?” ಎಂದು ಕೇಳಿದರು ಸಾಹೇಬರು.

ನಮ್ಮ ಮನೆಯವರು ಚಪ್ಪಲಿಯ ತುದಿಯಿಂದ ಮಣ್ಣು ಕೆರೆಯುತ್ತಿದ್ದರು. ನನ್ನ ಸೊಂಟದಲ್ಲಿ ಕೀಲಿಕೈ ಇತ್ತು.

“ನಾ ಸೆರಗು ಮುಚ್ಚಿಕೊಂಡಿದ್ನಿರಿ,” ಎಂದೆ. “ಯಾವ ದಾರೀಲೆ ತಂದ್ರೋ ಏನೋ, ನನಗ ಗೊತ್ತಿಲ್ರಿ.”

ಹಳ್ಳದ ಕಲ್ಲಿನ ಮಾತನ್ನು ಚಾಚಾ ಎತ್ತಬಹುದಿತ್ತು. ಅದೊಂದು ಮಾತು ಎತ್ತಿದ್ದರೆ ನಾನು ಅಲ್ಲಿಯೇ ಸುಳ್ಳಿಯಾಗುತ್ತಿದ್ದೆ. ಅವರು ನನ್ನನ್ನು ನೋಡಿದರು, ಆಮೇಲೆ ಸಾಹೇಬರನ್ನು ನೋಡಿದರು.

“ಖರೇ ಐತ್ರಿ ಸಾಹೇಬ್ರ. ಸೆರಗು ಮುಚ್ಚಿತ್ತು. ಪಾಪ, ಅಕಿಗೆ ಹ್ಯಾಂಗ ಗೊತ್ತಾಗಬೇಕು?”

ಬಂಡಿಗೆ, ನಡೆದು ಹೋಗುವವರಿಗೆ ಮಾತ್ರ ದಾರಿ ಎಂದು ತೀರ್ಮಾನವಾಯಿತು. ಅಂದು ಗೇಟಿನ ಹತ್ತಿರ ಜೀಪು ತಿರುಗಿಸಲು ಜಾಗವಿರಲಿಲ್ಲ. ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತ, ಬೇವಿನ ಮರದವರೆಗೂ ಚಾಚಾ ಹಿಂದಕ್ಕೇ ಓಡಿಸಿಕೊಂಡು ಹೋದರು. ಮೊಣಕೈ ಎಂದಿನಂತೆ ಅಂಚಿನ ಮೇಲಿತ್ತು. ಹಾರ್ನು ಹೊಡೆಯಲಿಲ್ಲ. ಏನ ಅಡಿಗಿ ಎಂದು ಕೂಡ ಕೇಳಿರಲಿಲ್ಲ. ಮತ್ತೆ ಅವರು ಈ ಕಡೆ ಬರಲಿಲ್ಲ.

ಇಂದು ಚಾಚಿ ನನ್ನ ಎರಡೂ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. ಬಂದಿದ್ದ ಹೆಂಗಸರಿಗೆಲ್ಲ, “ಕಲ್ಲು ಇಟ್ಟ ಮದಲಗಿತ್ತಿ ಅಂತಿದ್ರಲ್ಲ, ಇಕೀನ ನೋಡ್ರಿ,” ಎಂದು ತೋರಿಸಿದರು. “ಹಾಸಿಗಿ ಹಿಡದ ಮ್ಯಾಲೂ ನಿನ್ನ ಸುದ್ದಿ ಹೇಳಿ ನಗತಿದ್ರು ಬೇಟಿ.”

ನಾನು ತಡೆದುಕೊಳ್ಳಲಾಗದೆ, “ಗೇಟಿನ ಸುದ್ದಿ ಹೇಳಲಿಲ್ಲೇನ್ರಿ ಚಾಚಿ?” ಎಂದೆ.

“ಯಾವ ಗೇಟು?” ಎಂದರು ಅವರು.

ಚಹಾ ಕೊಟ್ಟರು. ಕುಡಿದು ಎದ್ದೆ. ಟಿಕೋಟಾದಲ್ಲಿ ಇಳಿದು ಬಂಡಿದಾರಿ ಹಿಡಿದು ನಡೆದು ಬಂದೆ. ಕೀಲಿ ತೆಗೆದು, ಗೇಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಗಾಳಿಗೆ ಮುಚ್ಚದಂತೆ ಕೆಳಗೊಂದು ಕಲ್ಲು ಇಟ್ಟೆ.

ಇವರು ತೋಟದಿಂದ ಬಂದವರು ಕೇಳಿದರು: “ಗೇಟು ಹಾಕೂದು ಮರತಿಯೇನು?”

“ಮರತಿಲ್ರಿ. ನಾಳೆ ಕಚೇರಿಗೆ ಹೋಗಿ, ಸೆರಗು ಮುಚ್ಚಿರಲಿಲ್ಲ ಅಂತ ಹೇಳಿ ಬರ್ತೇನಿ.”

“ಈಗ ಯಾರು ಕೇಳ್ಯಾರ ನಿನ್ನ?”

“ಆಗ ಕೇಳಿದ್ರಲ್ರಿ.”

ಇವರು ಕೈಕಾಲು ತೊಳೆಯಲು ಹೋದರು. ನಾಳೆ ಕಚೇರಿಯಲ್ಲಿ ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಾರೋ, ಹೋಗವಾ ಎಂದು ಕಳಿಸುತ್ತಾರೋ ತಿಳಿಯದು. ಬರೆದುಕೊಂಡರೂ ಅದನ್ನು ಕೇಳಬೇಕಾದವರು ಇಲ್ಲ.

ಸಂಜೆ ಬದನೆಕಾಯಿ ಪಲ್ಯ ಮಾಡಿದೆ. ಬೆಳಗಿನ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಇದ್ದವು. ಅತ್ತೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ಉಂಡರು. ಉಂಡ ಮೇಲೆ ಇವರು ಅಂಗಳದ ತುದಿಯವರೆಗೆ ಹೋಗಿ, ಗೇಟಿನ ಕಡೆ ನೋಡಿ ಬಂದರು. ಕೀಲಿಕೈ ಕೇಳಲಿಲ್ಲ. ಅತ್ತೆ ಮೊದಲು ಮಲಗಿದರು, ಆಮೇಲೆ ಇವರು.