ಕೇಳಿ ಮುಟ್ಟುವ ಕೈ

ಹೋದ ವರ್ಷ ನನ್ನ ಮೊಣಕಾಲಿನ ಆಪರೇಷನ್ ಆದಾಗ ವಾರ್ಡಿನಲ್ಲಿ ಗಂಡು ನರ್ಸುಗಳೇ ಮೂವರಿದ್ದರು. ಯಾರೂ ಅವರನ್ನು ಎರಡನೇ ಸಲ ತಿರುಗಿ ನೋಡಲಿಲ್ಲ. ಪಕ್ಕದ ಮಂಚದ ಅಜ್ಜಿಯಂತೂ ಮೊಮ್ಮಗನಿಗೆ ಹೇಳುವ ಹಾಗೆ, ಬ್ರದರ್, ಈ ದಿಂಬು ಸ್ವಲ್ಪ ಮೇಲಕ್ಕೆ ಎತ್ತಪ್ಪ ಎನ್ನುತ್ತಿದ್ದರು. ನಮ್ಮ ಯಜಮಾನರ ಕಾಲದಲ್ಲಿ ಹೀಗಿರಲಿಲ್ಲ.

ಅವರು ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನರ್ಸಾಗಿದ್ದರು. ಕಲಿತದ್ದು ಹೆಣ್ಣುಮಕ್ಕಳ ಜೊತೆಗೇ. ಕೆಲಸ ಹಂಚುವಾಗ ಮಾತ್ರ ಗಂಡಸರನ್ನು ಭಾರ ಎತ್ತುವ ಕಡೆಗೆ, ಕೂಗಾಡುವ ರೋಗಿಗಳ ಕಡೆಗೆ ಹಾಕುತ್ತಿದ್ದರಂತೆ. ಆಪರೇಷನ್‌ಗೆ ಮುಂಚೆ ಕೂದಲು ಬೋಳಿಸುವುದೂ ಇವರ ಪಾಲಿಗೇ. ಬೀದಿಯ ಕೊನೆಯ ಕ್ಷೌರದಂಗಡಿಯವನು ಇವರನ್ನು ಕಂಡಾಗಲೆಲ್ಲ, ನನ್ನ ಗಿರಾಕಿಗಳಿಗೆಲ್ಲ ನೀವು ಬಿಟ್ಟಿ ಕ್ಷೌರ ಮಾಡಿ ಕಳಿಸಿದರೆ ನಾನು ಬಾಗಿಲು ಹಾಕಬೇಕಷ್ಟೆ ಎಂದು ಕಿಚಾಯಿಸುತ್ತಿದ್ದ. ಇವರು ನಕ್ಕು ಮುಂದೆ ಹೋಗುತ್ತಿದ್ದರು.

ನಗು ಬಾರದಿದ್ದುದು ನಮ್ಮತ್ತೆಗೆ. ಮಗನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಆಸ್ಪತ್ರೆಯಲ್ಲಿದ್ದಾನೆ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಒಮ್ಮೆ ದೂರದ ನೆಂಟರೊಬ್ಬರು, ಅಯ್ಯೋ ಪಾಪ, ಏನು ಕಾಯಿಲೆ ಎಂದು ಕೇಳಿಬಿಟ್ಟರು. ಅತ್ತೆ ಅದನ್ನೂ ತಿದ್ದದೆ ಕಾಫಿ ತರಲು ಒಳಗೆ ಹೋದರು. ಹೇಲು ಉಚ್ಚೆ ಬಾಚುವುದು ಹೆಂಗಸರ ಹಣೆಬರಹ, ಗಂಡಸಿಗೆ ಯಾಕೆ ಎನ್ನುವುದು ಅವರ ವಾದ.

ಆ ಅತ್ತೆಗೇ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ನಾನಾಗ ಬಸುರಿ. ಮೊದಮೊದಲು ಎಲ್ಲವನ್ನೂ ನಾನೇ ಮಾಡಿದೆ. ಅತ್ತೆ ಮೈಕೈ ತುಂಬಿಕೊಂಡಿದ್ದ ಹೆಂಗಸು. ಒಂದು ದಿನ ಅವರನ್ನು ಹೊರಳಿಸುತ್ತಿರುವಾಗ ನನಗೆ ರಕ್ತ ಕಾಣಿಸಿಕೊಂಡಿತು. ಮಗು ಉಳಿಯಬೇಕಾದರೆ ಒಂದು ಬಕೆಟ್ ನೀರನ್ನೂ ಎತ್ತಕೂಡದು ಎಂದರು ಡಾಕ್ಟರಮ್ಮ. ಗೊತ್ತುಮಾಡಿದ ಆಯಾ, ನನ್ನ ಸೊಂಟವೂ ಕಬ್ಬಿಣದ್ದಲ್ಲ ಎಂದು ಹೇಳಿ ವಾರ ತುಂಬುವ ಮೊದಲೇ ಬಿಟ್ಟಳು.

ಆ ಸಂಜೆ ಇವರು ಡ್ಯೂಟಿಯಿಂದ ಬಂದವರೇ ಕೈ ತೊಳೆದುಕೊಂಡು ತಾಯಿಯ ಕೋಣೆಗೆ ಹೋಗಿ ಹೊದಿಕೆ ಸರಿಸಿದರು. ಅತ್ತೆ ಆಡುತ್ತಿದ್ದ ಒಂದೇ ಕೈಯಿಂದ ಅವರ ಕೆನ್ನೆಗೆ ಹೊಡೆದರು. ಇವರು ಹೊಡೆಸಿಕೊಂಡೇ ಕೆಲಸ ಮುಗಿಸಿದರು. ಒದ್ದೆಯಲ್ಲಿ ಬಿದ್ದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂಬುದೊಂದೇ ಅವರ ತಲೆಯಲ್ಲಿತ್ತು.

ಮರುದಿನದಿಂದ ಅತ್ತೆ ನೀರು ಕುಡಿಯುವುದನ್ನೇ ಬಿಟ್ಟರು. ತುಟಿಗೆ ತಾಗಿಸಿದಂತೆ ಮಾಡಿ ಲೋಟವನ್ನು ಪಕ್ಕಕ್ಕಿಡುತ್ತಿದ್ದರು. ಎರಡು ಮೂರು ದಿನಕ್ಕೆ ನಾಲಗೆ ಒಣಗಿ ಬಿರುಕುಬಿಟ್ಟಿತು. ಸಣ್ಣಗೆ ಜ್ವರ ಬಂತು. ಬೆಡ್‌ಪ್ಯಾನಿಗೆ ಬಿದ್ದ ಇಷ್ಟೇ ಇಷ್ಟು ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕಿತ್ತು. ನಾನು ಗೋಗರೆದಾಗ ಗೋಡೆ ನೋಡಿಕೊಂಡು ಹೇಳಿದರು:

"ಕುಡಿದ್ರೆ ಹೋಗಬೇಕು. ಹೋದ್ರೆ ಅವನು ಬರ್ತಾನೆ. ಬೇಡ ಕಣೆ, ಹೀಗೇ ಹೋಗಿಬಿಡ್ತೀನಿ."

ಊಟಕ್ಕೆ ಕೂತಿದ್ದ ಇವರಿಗೆ ಅದನ್ನು ಹೇಳಿದೆ. ಅರ್ಧಕ್ಕೇ ಕೈ ತೊಳೆದುಬಿಟ್ಟರು. ಪ್ರಜ್ಞೆ ಇಲ್ಲದೆ ಬಿದ್ದವನಿಗೂ, ಈಗ ನಿನ್ನ ಹೊರಳಿಸ್ತೀನಪ್ಪ ಎಂದು ಹೇಳಿಯೇ ಮುಟ್ಟುವುದು ವಾರ್ಡಿನಲ್ಲಿ ಅವರ ಪದ್ಧತಿ. ಎಚ್ಚರ ಇದ್ದವರನ್ನು ಕೇಳದೆ ಹೊದಿಕೆಗೆ ಕೈ ಹಾಕಿದವರಲ್ಲ. ನನ್ನಮ್ಮ ತಾನೇ, ಕೇಳುವುದೇನು ಎಂದು ಇಲ್ಲಿ ಮಾತ್ರ ಕೇಳಿರಲಿಲ್ಲ.

ಬೆಳಿಗ್ಗೆ ರಜೆ ಹಾಕಿದರು. ತೆರೆದೇ ಇದ್ದ ಕೋಣೆಯ ಬಾಗಿಲನ್ನು ಬೆರಳಿನಿಂದ ತಟ್ಟಿ, ಒಳಗೆ ಬರಲಾ ಎಂದರು.

"ಇದೇನೋ ಹೊಸದು?" ಎಂದರು ಅತ್ತೆ.

"ಮೊದಲ್ನೇ ದಿನನೇ ಕೇಳಬೇಕಿತ್ತಮ್ಮ. ನಿನ್ನ ಶುಚಿ ಮಾಡ್ಲಾ?"

"ಬೇಡ ಅಂದ್ರೆ?"

"ಬೇಡ ಅಂದ್ರೆ ಮುಟ್ಟಲ್ಲ. ಆದ್ರೆ ನೀರು ಬಿಟ್ರೆ ನೀನು ಉಳಿಯಲ್ಲ. ಅದನ್ನೂ ಹೇಳಿಬಿಡ್ತೀನಿ."

ಅತ್ತೆ ಬೇಡ ಎಂದರು. ಇವರು ಹೊರಗೆ ಬಂದು ಹೊಸ್ತಿಲ ಪಕ್ಕ ಕೂತರು. ಒಳಗಿನಿಂದ ವಾಸನೆ ಬರುತ್ತಿತ್ತು. ನಾನು ಎದ್ದರೆ ಕಣ್ಣಿನಲ್ಲೇ ತಡೆದರು. ತಾವೂ ಏಳಲಿಲ್ಲ. ಆ ಕೈಗಳು ಸುಮ್ಮನಿದ್ದುದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಬಿಸಿಲು ಕಿಟಕಿಯಿಂದ ಇಳಿದ ಮೇಲೆ ಅತ್ತೆ ಕೂಗಿದರು.

"ಲೋ, ಇದ್ದೀಯೇನೋ?"

"ಇದ್ದೀನಮ್ಮ."

"ಕಣ್ಣು ಮುಚ್ಚಿಕೊಂಡು ಮಾಡ್ತೀಯಾ?"

"ನಾನು ಮುಚ್ಚಿದ್ರೆ ಕೆಲಸ ಕೆಡುತ್ತೆ. ನೀನು ಮುಚ್ಚಿಕೋ."

ಅತ್ತೆ ಕಣ್ಣು ಮುಚ್ಚಿದರು. ಇವರು ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಬೆಚ್ಚಗೆ ಮಾಡಿಕೊಂಡರು. ಮೈಮೇಲೆ ಬೇರೆ ಬಟ್ಟೆ ಹೊದಿಸಿ, ಒರೆಸುವ ಜಾಗವಷ್ಟನ್ನೇ ತೆರೆದು, ಒರೆಸಿದ ಕೂಡಲೇ ಮುಚ್ಚುತ್ತ ಹೋದರು. ಈಗ ಕಾಲು ಎತ್ತುತ್ತೇನೆ, ಈಗ ನನ್ನ ಕಡೆಗೆ ಹೊರಳಿಸುತ್ತೇನೆ ಎಂದು ಪ್ರತಿಯೊಂದಕ್ಕೂ ಹೇಳಿ, ಅತ್ತೆ ಹೂಂ ಎಂದ ಮೇಲೆಯೇ ಮುಂದುವರಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗಂಡನ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

ಒಣ ಸೀರೆ ಸುತ್ತಿ ಮುಗಿದ ಮೇಲೂ ಅತ್ತೆ ಕಣ್ಣು ತೆರೆಯಲಿಲ್ಲ.

"ಅಲ್ಲಿ ಆ ಗಂಡಸರಿಗೂ ನಾಚಿಕೆ ಆಗುತ್ತೇನೋ?"

"ಎಲ್ಲರಿಗೂ ಆಗುತ್ತಮ್ಮ. ದೊಡ್ಡ ಮೀಸೆ ಇರೋವ್ರಿಗೆ ಇನ್ನೂ ಜಾಸ್ತಿ."

ಸೊಟ್ಟಗಾಗಿದ್ದ ಬಾಯಿ ಒಂದು ಕಡೆಗೆ ಸ್ವಲ್ಪ ಅಗಲವಾಯಿತು. ಆಮೇಲೆ ಆಡುವ ಕೈಯನ್ನು ಲೋಟದ ಕಡೆಗೆ ಚಾಚಿದರು. ಇವರು ತಲೆಯ ಕೆಳಗೆ ತೋಳು ಕೊಟ್ಟು, ಎತ್ತಲಾ ಎಂದು ಕೇಳಿ, ಎತ್ತಿ ಹಿಡಿದರು. ಅತ್ತೆ ನೀರನ್ನು ಗುಟುಕು ಗುಟುಕಾಗಿ, ತಳ ಕಾಣುವವರೆಗೆ ಕುಡಿದರು.